ಮಾವನ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು

ಎಲ್ಲರಿಗೂ ಸಿಟ್ಟು ಮೂಗಿನ ತುದಿಯಲ್ಲಿದ್ದರೆ, ನಮ್ಮ ಸೋದರಮಾವನಿಗೆ ಮಾತ್ರ ಅದು ಕಿವಿಯೊಳಗಿದೆ!

ಹಾಗಂತ ಸದ್ದಾದರೇ ಆಗದು ಎನ್ನುವವರಲ್ಲ. ಹನೂರಿನ ಬಸ್ ನಿಲ್ದಾಣದ ಎದುರಿಗೇ ಅವರ ಜೆರಾಕ್ಸ್ ಅಂಗಡಿ. ಬಸ್ಸಿನ ಹಾರನ್ನು, "ಕೊಳ್ಳೇಗಾಲ, ಕೊಳ್ಳೇಗಾಲ" ಎಂಬ ಕಂಡಕ್ಟರನ ಕೂಗು, ಪಕ್ಕದ ಹೋಟೆಲಿನ ಜಗಳ, ಯಾವುದೂ ಅವರನ್ನು ಅಲುಗಿಸದು. ಆದರೆ ಯಂತ್ರವೊಂದು 'ಟುಂಯ್' ಅನ್ನಲಿ ನೋಡೋಣ! ಯಳಂದೂರಿನ ಬೀಗರ ಮನೆಗೆ ಊಟಕ್ಕೆ ಹೋದಾಗ, ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಫ್ರಿಜ್ಜು ಕುಂಯ್‌ಗುಟ್ಟಿತು. "ಲೇ, ಮನೆ ಯಜಮಾನ್ರೇ ಸುಮ್ನವ್ರೆ, ನಿಂದೇನ್ಲಾ?" ಎಂದು ಮಾವ ಪ್ಲಗ್ಗನ್ನೇ ಕಿತ್ತರು. ಸಂಜೆಯ ಹೊತ್ತಿಗೆ ಬೀಗರ ಐಸ್‌ಕ್ರೀಮು ಪಾಯಸವಾಗಿತ್ತು!

ಅಂಗಡಿಯ ಕಂಪ್ಯೂಟರಿಗೆ ಯಾರೋ ಲಿನಕ್ಸ್ ಹಾಕಿಕೊಟ್ಟಿದ್ದರು. ವೈರಸ್ಸಿನ ಕಾಟ ತಪ್ಪಿತು ಅಂತ ಮಾವನಿಗೆ ಖುಷಿ. ಆದರೆ ಖಾಲಿ ಜಾಗದಲ್ಲಿ ಅಳಿಸಲು ಹೋದರೆ 'ಟುಂಯ್', ಹುಡುಕಿದ ಹೆಸರು ಸಿಗದಿದ್ದರೆ 'ಟುಂಯ್'. ಮಾವ ಸ್ಪೀಕರಿನ ವೈರು ಕಿತ್ತರು. ಈಗ ಡಬ್ಬದ ಒಳಗಿಂದಲೇ ಸದ್ದು! ನನಗೆ ಫೋನು ಬಂತು.

"ಬಾಯಿ ಕಟ್ಟುದ್ರೆ ಒಟ್ಟೇಲಿ ಮಾತಾಡ್ತದೆ ಕಣ್ಲಾ! ಬಂದು ನೋಡು."

ಕೊಳ್ಳೇಗಾಲದಿಂದ ಬಸ್ಸು ಹತ್ತಿ ಹೋದೆ. ಅಂಗಡಿಯಲ್ಲಿ ಮಾರ್ಟಳ್ಳಿ ಕಡೆಯಿಂದ ಬಂದಿದ್ದ ಜಡೆಮಾದಮ್ಮ ಎಂಬ ವಯಸ್ಸಾದ ಹೆಂಗಸು ನಿಂತಿದ್ದರು. ಸರ್ಕಾರದಿಂದ ಮನೆ ಮಂಜೂರಾದವರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಸಬೇಕಿತ್ತು. ಮಾವ 'ಜಡೆಮಾದಮ್ಮ' ಎಂದು ಹುಡುಕಿದರು. ಟುಂಯ್! 'ಜಡೇಮಾದಮ್ಮ' ಎಂದು ದೀರ್ಘ ಎಳೆದು ನೋಡಿದರು. ಟುಂಯ್! ಅಕ್ಷರ ಬಾರದ ಆ ಹೆಂಗಸಿಗೆ ಸದ್ದಿನ ಅರ್ಥ ಆಗಲೇ ತಿಳಿದುಹೋಗಿತ್ತು. ಚೀಲ ಎತ್ತಿಕೊಂಡರು.

"ಇಲ್ಲ ಅಂತದಲ್ವಾ ಸಾ? ಓಯ್ತೀನಿ ಬುಡಿ."

"ಕೂತ್ಕಳವ್ವ, ಇನ್ನೂ ನೋಡ್ತಾವ್ನಿ" ಎಂದ ಮಾವ ಕೀಬೋರ್ಡನ್ನು ನನ್ನತ್ತ ತಳ್ಳಿದರು. "ಮೊದ್ಲು ಇದ್ರ ಬಾಯಿ ಮುಚ್ಚುಸ್ಲಾ."

ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಸೆಟ್ಟಿಂಗ್ಸ್ ತೆರೆದು ಸೌಂಡ್ ವಿಭಾಗಕ್ಕೆ ಹೋದೆ. ಹಾಡು, ವಿಡಿಯೊಗಳ ಸದ್ದಿಗೆ ಒಂದು ಗೆರೆ, ಈ ಟುಂಯ್‌ಗೇ ಬೇರೊಂದು ಗೆರೆ. ಎರಡನೆಯದರ ಗುಂಡಿಯನ್ನು ಪೂರ್ತಿ ಎಡಕ್ಕೆ ಎಳೆದೆ. ಅಷ್ಟೇ! ಇಷ್ಟಕ್ಕೆ ಪಾಪದ ವೈರನ್ನೇಕೆ ಕೀಳಬೇಕಿತ್ತು?

ಮಾವ ಮತ್ತೆ ಹುಡುಕಿದರು. ಗಂಡನ ಹೆಸರು, ಊರಿನ ಹೆಸರು, ರೇಷನ್ ಕಾರ್ಡಿನಲ್ಲಿ ತಪ್ಪಾಗಿ ಬರೆದಿದ್ದ ಹೆಸರು. ಒಂದೂ ಸಿಗಲಿಲ್ಲ. ಕಂಪ್ಯೂಟರು ತೆಪ್ಪಗಿತ್ತು. ಜಡೆಮಾದಮ್ಮ ಅದನ್ನು ಬಿಟ್ಟು ಮಾವನ ಮುಖವನ್ನೇ ನೋಡುತ್ತ ಕುಳಿತಿದ್ದರು. ಮಾವ ಟೀ ತರಿಸಿದರು. ಜಡೆಮಾದಮ್ಮ ಕುಡಿದು ಮುಗಿಸಿದ ಮೇಲೆ ಮಾವ ತಮ್ಮ ಕುರ್ಚಿಯನ್ನು ಆಕೆಯ ಎದುರಿಗೆ ತಿರುಗಿಸಿಕೊಂಡರು.

"ಈ ಪಟ್ಟೀಲಿ ನಿನ್ನೆಸ್ರು ಇಲ್ಲ ಕಣವ್ವ. ನಡಿ, ಆಫೀಸ್ಗೆ ನಾನೂ ಬತ್ತೀನಿ. ಯಾಕಿಲ್ಲ ಅಂತ ಕೇಳಮ."

ಅಂಗಡಿಯ ಷಟರ್ ಎಳೆಯುವಾಗ ನಾನು ಸುಮ್ಮನಿರಲಾರದೆ ಕೇಳಿದೆ: "ಕಂಪ್ಯೂಟರ್ ಹೇಳಿದ್ದನ್ನೇ ತಾನೇ ನೀವೂ ಹೇಳಿದ್ದು, ಮಾವ?"

"ಊಂ ಕಣ್ಲಾ. ಆದ್ರೆ ಇಲ್ಲ ಅನ್ನೋದ್ನ ಮನುಸ್ಯನೇ ಯೋಳ್ಬೇಕು. ಯೋಳಾದ್ಮೇಲೆ ಜೊತೇಲಿ ಓಗಕ್ಕೆ ಅವನ್ಗೆ ಕಾಲಿರ್ತವೆ."

ಹೊಸ ಅರ್ಜಿ ಅಂದೇ ಆಫೀಸು ಸೇರಿತು. ಮನೆ ಇನ್ನೂ ಬಂದಿಲ್ಲ. ಜಡೆಮಾದಮ್ಮ ಹನೂರಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು, "ಬಂತಾ ಸಾ?" ಎನ್ನುತ್ತಾರೆ. ಮಾವ ಉತ್ತರ ಹೇಳುವ ಮೊದಲು ಎದ್ದು ಕುರ್ಚಿ ಹಾಕುತ್ತಾರೆ.