ನಮ್ಮ ಹೊಳೆಯ ಬಂಗುಡೆ

ಇದನ್ನು ಬರೆಯಲು ಕುಳಿತ ಮೇಲೆ ಶಾಲೆಯ ವಾಟ್ಸಾಪ್ ಗುಂಪು ನನ್ನನ್ನು ಎಬ್ಬಿಸಿದ್ದು ಇದು ನಾಲ್ಕನೇ ಸಲ. ಇರಲಿ. ಬೆಳ್ತಂಗಡಿ ಬಳಿಯ ನಮ್ಮ ಶಾಲೆಯಲ್ಲಿ ಮಕ್ಕಳು ಎಲ್ಲ ವಿಷಯಗಳನ್ನೂ ಮೀನು ಹಿಡಿದೇ ಕಲಿಯತಕ್ಕದ್ದು ಎಂದು ಈ ವರ್ಷ ತೀರ್ಮಾನವಾಗಿದೆ. ಅದಕ್ಕೆ ಇಪ್ಪತ್ತು ಅಂಕ.

ನನ್ನ ಮಗಳು ವಿಸ್ಮಿತಾ ಆರನೇ ಕ್ಲಾಸು. ಗಣಿತದಲ್ಲಿ ಏಳರ ಮೇಲೆ ಅಂಕ ಕಂಡವಳಲ್ಲ. ಗಾಳ ಹಾಕಿ ಬರಿಗೈಯಲ್ಲಿ ಬಂದವಳೂ ಅಲ್ಲ. ಒಮ್ಮೆಯಾದರೂ ಪೂರ್ತಿ ಅಂಕ ಸಿಗುತ್ತದೆಂದು ತೆಂಗಿನ ಗೆರಟೆ ತುಂಬ ಎರೆಹುಳ ಅಗೆದಿಟ್ಟಳು.

ನಿಯಮ ಸರಳವಾಗಿತ್ತು. ಮೊದಲ ಪೀರಿಯಡಿನಲ್ಲಿ ಶಾಲೆಯ ಪಕ್ಕದ ಹೊಳೆಯಲ್ಲಿ ಮೀನು ಸಿಗಬೇಕು. ಎರಡನೆಯದರಲ್ಲಿ ಗಣಿತದವರು ಅದರ ಉದ್ದ ಅಳೆಸುತ್ತಾರೆ, ಮೂರನೆಯದರಲ್ಲಿ ವಿಜ್ಞಾನದವರು ಕಿವಿರು ತೋರಿಸುತ್ತಾರೆ, ಆಮೇಲೆ ಕನ್ನಡದವರು ಮೀನಿನ ಆತ್ಮಕಥೆ ಬರೆಸುತ್ತಾರೆ. ಮೀನುಗಳು ನಲವತ್ತು ನಿಮಿಷದೊಳಗೆ ಹಾಜರಾಗುವ ಖಾತರಿ ಇಲ್ಲದ್ದರಿಂದ, ಸ್ಕೂಟರಿನಲ್ಲಿ ಮೀನು ಮಾರುವ ಅಬ್ದುಲ್ ಸಮದರನ್ನು ಹೆಡ್‌ಮಾಸ್ಟರ್ ರುಕ್ಮಯ್ಯನವರು ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಿದರು. ಸಮದ್ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದು ಗಾಳಕ್ಕೂ ಐಸಿನಲ್ಲಿಟ್ಟ ಬಂಗುಡೆ ಮೀನು ಸಿಕ್ಕಿಸಿದರು.

"ಮಾಷ್ಟ್ರೇ, ಇದು ಸಮುದ್ರದ್ದು."

"ಮಕ್ಕಳಿಗೆ ಸಮುದ್ರ ದೂರ ಆಗ್ತದೆ. ನೀವು ಸಿಕ್ಕಿಸಿ."

ವಿಸ್ಮಿತಾ ಮಾತ್ರ ಆಚೆ ಬಂಡೆಯ ಮೇಲೆ ಕುಳಿತು ಹೊಳೆಯದ್ದೇ ಒಂದು ಜೀವಂತ ಮುಗುಡು ಮೀನು ಹಿಡಿದಳು. ಅದು ಸ್ಕೇಲಿನ ಪಕ್ಕ ಸುಮ್ಮನೆ ಮಲಗಲಿಲ್ಲ. ಗಣಿತದ ಪ್ರೇಮಾವತಿ ಟೀಚರ್ ಮೂರು ಸಲ ಅಳೆದರು, ಮೂರು ಉತ್ತರ ಬಂತು. ಮೀನು ತಪ್ಪು ಎಂದು ಬರೆದು ಸೊನ್ನೆ ಕೊಟ್ಟರು.

ನಾನು ಶಾಲೆಗೆ ಹೋದೆ.

"ಅಲ್ಲ ಸರ್, ಅಷ್ಟು ಮಕ್ಕಳಲ್ಲಿ ಮೀನು ಹಿಡಿದವಳು ಇವಳೊಬ್ಬಳು. ಇವಳೇ ಫೇಲಾ?"

ರುಕ್ಮಯ್ಯನವರಿಗೆ ಸಿಟ್ಟು ಬರಲಿಲ್ಲ. "ಹಾಗಲ್ಲಮ್ಮ. ಮೀನಿನಿಂದ ಕಲಿಯುವುದು ಸಿಲೆಬಸ್ಸಿನಲ್ಲಿ ಉಂಟು. ಮೀನು ಹಿಡಿಯುವುದು ಇಲ್ಲ." ಮಗುವಿನ ಭವಿಷ್ಯದ ದೃಷ್ಟಿಯಿಂದ ಮರುಪರೀಕ್ಷೆಗೆ ಅನುಮತಿ ಕೊಟ್ಟರು.

ಈ ಸಲ ವಿಸ್ಮಿತಾ ಎರೆಹುಳ ಒಯ್ಯಲಿಲ್ಲ. ಸಮದ್ ಸಿಕ್ಕಿಸಿದರು, ಇವಳು ಎಳೆದಳು. ಬಂಗುಡೆ ಶಿಸ್ತಿನಿಂದ ಮಲಗಿತು. ಇಪ್ಪತ್ತಕ್ಕೆ ಇಪ್ಪತ್ತು. ಸಮದರಿಗೆ ಶಾಲು ಹೊದೆಸಿದರು, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಸಮಾಜ ಪಾಠದವರು ಹೊಳೆಯ ನಕ್ಷೆಯಲ್ಲಿ ಬಂಗುಡೆ ಸಿಗುವ ಜಾಗಕ್ಕೆ ನೀಲಿ ಬಣ್ಣ ಹಚ್ಚಿಸಿದ್ದಾರೆ.

ಈಗ ವಿಸ್ಮಿತಾ ಹೋಮ್‌ವರ್ಕ್ ಪುಸ್ತಕ ಹಿಡಿದು ಎದುರು ನಿಂತಿದ್ದಾಳೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಬಂಗುಡೆ ಸಮುದ್ರದಲ್ಲಿತ್ತು, ಹಾಗಾಗಿ ನನಗೆ ಉತ್ತರ ಗೊತ್ತಿಲ್ಲ. ಪ್ರಶ್ನೆ ಹೀಗಿದೆ: ನಮ್ಮ ಹೊಳೆಯಲ್ಲಿ ಬಂಗುಡೆ ಯಾವ ತಿಂಗಳಲ್ಲಿ ಮೊಟ್ಟೆ ಇಡುತ್ತದೆ?