ಬಿಗಿಯಾದ ಚಪ್ಪಲಿ

ಕಳೆದ ಕ್ರಿಸ್‌ಮಸ್‌ನಿಂದ ಮಕಾಯೋಗೆ ತನ್ನ ಕಪ್ಪು ರಬ್ಬರ್ ಚಪ್ಪಲಿ ಒಂದಿಷ್ಟು ಬಿಗಿ. ಕಾಲು ಊದಿದೆಯೆಂದು ಹೀಲೋ ಪಟ್ಟಣದ ಡಾಕ್ಟರರಿಗೆಲ್ಲ ತೋರಿಸಿ, ಉಪ್ಪು ಬಿಟ್ಟು, ಸಪ್ಪೆ ಮೀನು ತಿನ್ನುತ್ತಿದ್ದ. ಚಪ್ಪಲಿಯ ಮೇಲೆ ಅನುಮಾನಪಡುವಷ್ಟು ಬುದ್ಧಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅವನು ಮಕ್ಕಳ ಪುಸ್ತಕ ಬರೆಯಲು ಹೋಗುತ್ತಿರಲಿಲ್ಲ.

ನಮ್ಮ ದ್ವೀಪಗಳಲ್ಲಿ ಈಗ ಅದೊಂದು ಪಿಡುಗು. ಎಲ್ಲಿಯದೋ ಅಜ್ಜಿಕತೆಯನ್ನು ಎಳೆದು ತಂದು, ಕೊರಳಿಗೆ ಹೂಮಾಲೆ ಹಾಕಿ, ಹಿಂದೆ ಒಂದು ತೆಂಗಿನ ಮರ ಬರೆದರೆ ಮುಗಿಯಿತು, ಅದು ಹವಾಯಿ ಕತೆ. ಮಕಾಯೋ ಹಿಡಿದದ್ದು ಒಲೆಬೂದಿಯಲ್ಲಿ ಮಲಗುವ ಹುಡುಗಿಯ ಕತೆ. ಗಾಜಿನ ಪಾದರಕ್ಷೆಯ ಬದಲು ರಬ್ಬರ್ ಚಪ್ಪಲಿ. ಹುಡುಗಿ ಔತಣದ ಮನೆಯಿಂದ ಓಡುವ ಅವಸರದಲ್ಲಿ ಬಾಗಿಲ ಮುಂದಿನ ರಾಶಿಯಿಂದ ಯಾರದೋ ಚಪ್ಪಲಿ ಮೆಟ್ಟಿ ಹೋಗುತ್ತಾಳೆ. ರಾಜಕುಮಾರ ಅವಳು ಬಿಟ್ಟುಹೋದದ್ದನ್ನು ಹಿಡಿದು ಮನೆಮನೆ ಅಲೆಯುತ್ತಾನೆ. ಅಂಗಡಿಯಲ್ಲಿ ಮಂಚ ಮಾರುವ ಮಕಾಯೋಗೆ ಬರಹಗಾರ ಎನಿಸಿಕೊಂಡೇ ಸಾಯಬೇಕೆಂಬ ಹಠ.

ಪುಸ್ತಕ ಅಚ್ಚಾಗುತ್ತದೋ ಇಲ್ಲವೋ ಎಂದು ಹೇಳಲು ಪ್ರಕಾಶಕಿ ಟೊಕುನಾಗಾ ಇವತ್ತು ಹೊನೊಲುಲುವಿನಿಂದ ಬರುವವರಿದ್ದರು. ಮಕಾಯೋನ ಮನೆ ಸೋರುತ್ತಿತ್ತು. ಹಾಗಾಗಿ ಊಟ ಪಕ್ಕದ ಆಂಟಿ ನೊಹೆಯಾ ಮನೆಯಲ್ಲಿ. ಊಟದ ಜೊತೆ ಉಪದೇಶವೂ ಬಿಟ್ಟಿ.

"ಮಲತಾಯಿ ಕೆಟ್ಟೋಳು ಅಂತ ಬರ್ದಿದೀಯಂತೆ?" ಆಂಟಿ ಬೆಂದ ಕೆಸುವಿನ ಗೆಡ್ಡೆ ಕುಟ್ಟುತ್ತ ಕೇಳಿದರು. "ನನ್ನ ಸಾಕ್ದೋಳೂ ಹೆತ್ತೋಳಲ್ಲ. ಅವಳು ಕೆಟ್ಟೋಳಾ?"

"ಕತೆ ಅಲ್ವಾ ಆಂಟಿ."

"ಕತೇಲಾದ್ರೂ ಒಳ್ಳೆಯವಳಾಗಿರೋಕೆ ಅವಳಿಗೇನು ಧಾಡಿ? ಬದಲಾಯಿಸು."

ಬದಲಾಯಿಸಿದ. ಎದುರುಮನೆಯ ಅಂಕಲ್ ಲೊಪಾಕಾ ಬಗ್ಗಿ ನೋಡಿದರು. "ರಾಜಕುಮಾರ ಅಂದ್ರೆ ಸೋಮಾರಿ. ಬಲೆ ಎಳೆಯೋಕೆ ಹಚ್ಚು. ಹೆಸರು ಲೊಪಾಕಾ ಅಂತಿರ್ಲಿ." ಅದನ್ನೂ ಬದಲಾಯಿಸಿದ. ಪ್ರಕಾಶಕಿ ಬರುವ ಹೊತ್ತಿಗೆ ಆ ಹುಡುಗಿಗೆ ಮನೆಯಲ್ಲಿ ಒಂದು ಕಷ್ಟವೂ ಉಳಿದಿರಲಿಲ್ಲ.

ಟೊಕುನಾಗಾ ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು ಬಂದರು, ಎಲೆಯಲ್ಲಿ ಬೆಂದ ಹಂದಿಮಾಂಸ ಎರಡು ಸಲ ಹಾಕಿಸಿಕೊಂಡರು, ಓದಿದರು, ಕೆಳಗಿಟ್ಟರು.

"ಮಕಾಯೋ ಅವ್ರೇ, ಇದು ನಂಬೋ ಹಾಗಿಲ್ಲ. ಐವತ್ತು ಜೊತೆ ಚಪ್ಪಲಿ ಮಧ್ಯೆ ಕಣ್ಣು ಕಟ್ಟಿ ಬಿಟ್ರೂ ನಮ್ಮೋರ ಕಾಲು ತನ್ನದನ್ನೇ ಹುಡುಕ್ಕೊಳ್ಳುತ್ತೆ. ಬೇರೆಯೋರದ್ದು ಮೆಟ್ಕೊಂಡು ಗೊತ್ತಾಗದೆ ಓಡಾಡೋ ಪೆದ್ದರು ಎಲ್ಲಿದ್ದಾರೆ? ಮಕ್ಕಳು ನಗ್ತಾರೆ." ಇಷ್ಟು ಹೇಳಿ, ವಿಮಾನಕ್ಕೆ ಹೊತ್ತಾಯಿತೆಂದು ಎದ್ದು ಹೋದರು.

"ನಾನ್ ಆಗ್ಲೇ ಹೇಳ್ಲಿಲ್ವಾ?" ಎಂದರು ಅಂಕಲ್. ಅವರು ಅಂಥದ್ದೇನನ್ನೂ ಹೇಳಿರಲಿಲ್ಲ.

ಸಪ್ಪೆ ಮುಖ ಹೊತ್ತು ಹೊರಗೆ ಬಂದ ಮಕಾಯೋಗೆ ತನ್ನ ಚಪ್ಪಲಿ ಕಾಣಲಿಲ್ಲ. ಅದರ ಪಕ್ಕದಲ್ಲಿದ್ದ ಹೊಸ ಕಂದು ಚಪ್ಪಲಿ, ಪ್ರಕಾಶಕಿ ಬಿಟ್ಟು ಬಂದದ್ದು, ಹಾಗೇ ಇತ್ತು. ಅವನ ಎದೆ ಹಿಗ್ಗಿತು.

"ಆಂಟಿ, ಮೇಡಂ ನಂದು ಹಾಕ್ಕೊಂಡು ಹೋಗಿದಾರೆ. ನನ್ನ ಕತೆ ಗೆದ್ದುಬಿಡ್ತು!"

ಬರಿಗಾಲಲ್ಲೇ ಅಂಕಲ್ಲರ ಟ್ರಕ್ ಹತ್ತಿದ. ಕಂದು ಚಪ್ಪಲಿಯನ್ನು ತಾನು ಬರೆದ ರಾಜಕುಮಾರನಂತೆ ಎದೆಗೊತ್ತಿಕೊಂಡು ವಿಮಾನ ನಿಲ್ದಾಣಕ್ಕೆ ನುಗ್ಗಿದ. ಟೊಕುನಾಗಾ ಸಾಲಿನಲ್ಲಿ ನಿಂತಿದ್ದರು.

"ಮೇಡಂ, ಬೇರೆಯೋರದ್ದು ಯಾರೂ ಮೆಟ್ಟಲ್ಲ ಅಂದ್ರಲ್ಲ. ಸ್ವಲ್ಪ ಕಾಲು ನೋಡ್ಕೊಳ್ಳಿ."

ಅವರು ನೋಡಿಕೊಂಡರು. ಕಪ್ಪು ಚಪ್ಪಲಿ ಬಿಚ್ಚಿ ತಿರುಗಿಸಿದರು. ಕಿತ್ತುಬಂದ ಪಟ್ಟಿಯನ್ನು ಅಡಿಯಲ್ಲಿ ಬ್ರೆಡ್ ಪೊಟ್ಟಣದ ನೀಲಿ ಕ್ಲಿಪ್ಪೊಂದು ಹಿಡಿದಿತ್ತು.

"ಈ ಕ್ಲಿಪ್ ಹಾಕಿ ರಿಪೇರಿ ಮಾಡಿದ್ದು ನಮ್ಮಮ್ಮ. ಇದರ ಮೇಲೆ ನನ್ನ ಹೆಸರು ಗೀಚಿದ್ದೂ ಅವರೇ, ನೋಡಿ. ಕ್ರಿಸ್‌ಮಸ್ ದಿನ ನಮ್ಮ ಆಫೀಸ್ ಪಾರ್ಟೀಲಿ ಕಳೆದುಹೋಯ್ತು." ಅವರು ತಲೆಯೆತ್ತಿದರು. "ಅವತ್ತು ಕತೆ ಕೊಡೋಕೆ ನೀವು ಬಂದಿದ್ರಿ, ಅಲ್ವಾ?"

ಮಕಾಯೋಗೆ ತನ್ನ ಕಾಲು ಊದಿರಲೇ ಇಲ್ಲವೆಂದು ಆಗ ತಿಳಿಯಿತು. ಆದರೂ ಆಸೆ ಕೆಟ್ಟದ್ದು. "ಹಾಗಾದ್ರೆ ಕತೆ ನಿಜವೇ ಆಯ್ತಲ್ಲ ಮೇಡಂ. ಇಷ್ಟು ದಿನ ನಂಗೇ ಗೊತ್ತಾಗ್ಲಿಲ್ಲ."

"ನನ್ನ ಕಾಲು ನನ್ನದನ್ನೇ ಹುಡುಕ್ಕೊಳ್ತು. ನಾನ್ ಹೇಳಿದ್ದೂ ಅದನ್ನೇ. ಇನ್ನು ನಿಮ್ಮ ವಿಷಯ. ಕತೇನ ಬೇಕಾದ್ರೆ ನಂಬ್ತೀನಿ, ನಿಮ್ಮನ್ನ ನಂಬಲ್ಲ." ಅವನ ಕೈಯಿಂದ ಕಂದು ಜೊತೆಯನ್ನೂ ಕಿತ್ತುಕೊಂಡು ಒಳಗೆ ನಡೆದರು.

ಹೊರಗೆ ಡಾಂಬರು ಕಾದಿತ್ತು. ಮಕಾಯೋ ಬರಿಗಾಲಲ್ಲಿ ಕುಣಿಯುತ್ತ ಟ್ರಕ್ಕಿಗೆ ಬಂದು ಬಿದ್ದ.

"ಏನೋ ರಾಜಕುಮಾರ," ಅಂಕಲ್ ಹಲ್ಲು ಕಿರಿದರು, "ಚಪ್ಪಲಿ ಸರಿಹೋಯ್ತಾ ಅವಳಿಗೆ?"

"ಸರಿಹೋಯ್ತು," ಎಂದ ಮಕಾಯೋ, ಈಗ ನಿಜವಾಗಿಯೂ ಊದುತ್ತಿದ್ದ ಅಂಗಾಲನ್ನು ಹಿಡಿದುಕೊಂಡು. "ಎರಡು ಜೊತೆಯೂ."