ಗಾಡಿಗೆ ಬಲ ತುಂಬಿಸಿ ಹೊಗೆ ಪರೀಕ್ಷೆಗೆ ಹೋದದ್ದು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ. ನಡೆದದ್ದು ನನಗೇ, ನಿಜ. ಆದರೆ ಗಾಡಿ ನಡೆಸುವವನು ಮುಂದೆ ನೋಡುತ್ತ ಕೂತಿರುತ್ತಾನೆ, ಹೊಗೆ ಹಿಂದಿನಿಂದ ಹೋಗುತ್ತದೆ. ಹೀಗಾಗಿ ನನ್ನ ಗಾಡಿಯ ಫಜೀತಿಗಳೆಲ್ಲ ಊರಿಗೆ ಗೊತ್ತಾದ ಮೇಲೆಯೇ ನನಗೆ ಗೊತ್ತಾಗುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ.

೧. ಕುದುರೆ ಬಿಚ್ಚಿದ್ದು

ನಿಜಾಮರ ಊರಿನ ಗಚ್ಚಿಬೌಲಿಯಲ್ಲಿ ಕಂಡಕಂಡಲ್ಲಿ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಲಬುರಗಿ ಕಡೆಯಿಂದ ಬಂದ ನಾನು ಒಂದು ಡೀಸೆಲ್ ಗಾಡಿ ಇಟ್ಟುಕೊಂಡು, ಸಾಫ್ಟ್‌ವೇರ್ ಕಂಪನಿಯೊಂದರ ನೌಕರರನ್ನು ಕರೆತಂದು ಬಿಡುತ್ತಿದ್ದೆ. ನಾಲ್ಕು ಜನ ಕೂತು ಎ.ಸಿ. ಹಾಕಿದರೆ ಸಾಕು, ಫ್ಲೈಓವರ್ ಏರುವಾಗ ಗಾಡಿ ಏದುಸಿರು ಬಿಡುತ್ತಿತ್ತು.

ನಮ್ಮ ಮಾಳಿಗೆ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಇಂಜಿನಿಯರ್ ಒಂದು ದಿನ, "ಅಂಕಲ್, ನಿಮ್ಮ ಇಂಜಿನ್ ಒಳಗೆ ಇನ್ನೂ ಕುದುರೆಗಳಿವೆ. ಗಾಡಿ ಮಾಡಿದೋರು ಕಟ್ಟಿಹಾಕಿದ್ದಾರೆ ಅಷ್ಟೇ. ರೀಮ್ಯಾಪ್ ಮಾಡಿದ್ರೆ ಬಿಚ್ಕೊಳ್ಳತ್ವೆ," ಅಂದ.

"ಹಂಗಂದ್ರ?"

"ಯಾವಾಗ ಎಷ್ಟು ಡೀಸೆಲ್ ಬಿಡಬೇಕು ಅಂತ ಒಳಗಿನ ಕಂಪ್ಯೂಟರ್‌ನಲ್ಲಿ ಒಂದು ಲೆಕ್ಕ ಇರತ್ತೆ. ಆ ಲೆಕ್ಕಾನೇ ಬದಲಾಯಿಸೋದು."

ಭಾನುವಾರ ಲ್ಯಾಪ್‌ಟಾಪ್ ತಂದು ಸ್ಟಿಯರಿಂಗ್ ಕೆಳಗೆ ವೈರ್ ಚುಚ್ಚಿದ. ಸ್ಪ್ಯಾನರ್ ಇಲ್ಲ, ಗ್ರೀಸ್ ಇಲ್ಲ. ಹೊಸ ಬಲ ಬರುವುದೆಂದರೆ ಪೂಜೆ ಬೇಡವೇ? ಹೆಂಡತಿ ಗಾಡಿಗೆ ಆರತಿ ಬೆಳಗಿದಳು, ಕಾಯಿ ಒಡೆದಳು. ಕೆಲಸ ಮಾಡುವ ಯಂತ್ರಕ್ಕೆ ಇಲ್ಲವೆಂದರೆ ಹೇಗೆ ಅಂತ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದಳು, ಸರಿಯಾಗಿ ಪರದೆಯ ನಡುವೆ.

"ಆಂಟೀ, ಎಷ್ಟು ಲೋಡ್ ಆಯ್ತು ಅಂತ ಕಾಣಿಸ್ತಿಲ್ಲ!"

"ಕಾಣಬೇಕಾದ್ದು ದೇವ್ರಿಗೆ ಕಾಣತೈತಿ. ನೀ ಸುಮ್ ಕೂಡಪ್ಪಾ."

೨. ತುಳಸಿಯ ಬಣ್ಣ

ಮರುದಿನ ಗಾಡಿ ಫ್ಲೈಓವರ್ ಏರಲಿಲ್ಲ, ಹಾರಿತು. ಹಿಂದಿನ ಆಟೋದವರೆಲ್ಲ ಹಾರ್ನ್ ಹೊಡೆದು ಕೈ ಬೀಸಿದರು. ಇಷ್ಟು ವರ್ಷಕ್ಕೆ ನಮ್ಮ ಗಾಡಿಗೂ ಒಂದು ಮರ್ಯಾದೆ ಬಂತಲ್ಲ ಎಂದು ನಾನೂ ನಗುತ್ತ ಕೈ ಬೀಸಿದೆ. ಸಿಗ್ನಲ್ಲಿನಲ್ಲಿ ಒಬ್ಬ ಪಕ್ಕಕ್ಕೆ ಬಂದು, ಮುಖ ಒರೆಸಿಕೊಳ್ಳುತ್ತ, "ಕ್ಯಾ ಚಚ್ಚಾ, ಗಾಡಿ ಚಲಾರೈಂ ಕಿ ಭಟ್ಟಿ ಚಲಾರೈಂ?" ಎಂದು, ನಾನು ನಡೆಸುವುದು ಗಾಡಿಯೋ ಭಟ್ಟಿಯೋ ಅಂತ ಕೇಳಿದ.

ಅಂಗಳಕ್ಕೆ ಗಾಡಿಯನ್ನು ರಿವರ್ಸ್ ತರುವುದು ನನ್ನ ರೂಢಿ. ಹಿಂದೆಯೇ ತುಳಸಿಕಟ್ಟೆ. ಕೆಲವು ದಿನ ಕಳೆದು ನೋಡಿದರೆ ಹೆಂಡತಿ ಸೆರಗಿನಿಂದ ತುಳಸಿ ಎಲೆ ಒರೆಸುತ್ತ ನಿಂತಿದ್ದಾಳೆ. ಸೆರಗೂ ಕಪ್ಪು.

"ಏನ್ರೀ, ಮಂದಿ ತುಳಸಮ್ಮಗ ನೀರು ಹಾಕ್ತಾರ. ನೀವು ಮಸಿ ಬಳದೀರಿ!"

ಬಲಕ್ಕಾಗಿ ಹೆಚ್ಚು ಡೀಸೆಲ್ ಬಿಟ್ಟಿದ್ದೇನೆ, ಪೂರ್ತಿ ಉರಿಯದೆ ಉಳಿದದ್ದು ಕರಿ ಹೊಗೆಯಾಗುತ್ತದೆ ಎಂದು ಮೈಸೂರಿನವ ಸಾವಕಾಶವಾಗಿ ವಿವರಿಸಿದ. ಇವಳು ಪೂರ್ತಿ ಕೇಳಿಸಿಕೊಂಡು, "ತಿಳೀತಪ್ಪಾ. ಈಗ ಆ ಕುದುರಿ ಮತ್ತ ಕಟ್ಟಿಹಾಕು," ಅಂದಳು.

೩. ಸಾರಿಗೆ ಕಚೇರಿಯ ಸಾಲು

ಕಟ್ಟಿಹಾಕುವ ಮೊದಲೇ ಫಿಟ್‌ನೆಸ್ ತಾರೀಕು ಬಂತು. ಬಾಡಿಗೆ ಗಾಡಿ ರಸ್ತೆಗೆ ಯೋಗ್ಯವೆಂದು ಸಾರಿಗೆ ಕಚೇರಿಯವರು ಸರ್ಟಿಫಿಕೇಟ್ ಕೊಡಬೇಕು. ಅದಿಲ್ಲದಿದ್ದರೆ ಕಂಪನಿಯ ಗೇಟಿನೊಳಗೆ ಬಿಡುವುದಿಲ್ಲ. ಅಂದರೆ ನಮ್ಮ ಅನ್ನವೇ ಹೋದಂತೆ.

ಮೈಸೂರಿನವ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಣ್ಣ ಸ್ವಿಚ್ ಕೂಡಿಸಿ, "ಮೇಲೆತ್ತಿದ್ರೆ ಹಳೇ ಲೆಕ್ಕ, ಹೊಗೆ ಇಲ್ಲ. ಕೆಳಗಿಳಿಸಿದ್ರೆ ಹೊಸ ಲೆಕ್ಕ, ಬಲ. ಅಲ್ಲಿ ಮಾತ್ರ ಮೇಲೆತ್ತಿರಿ ಅಂಕಲ್," ಅಂದ. ಪರೀಕ್ಷೆಗೆ ಚೀಟಿ ಒಯ್ದಂತಾಯಿತಲ್ಲ ಎಂದು ಮನಸ್ಸು ಹಿಂಜರಿಯಿತು. ಆದರೂ ಸ್ವಿಚ್ ಮೇಲೆತ್ತಿ, ದೇವರಿಗೆ ಕೈಮುಗಿದು, ಹೆಂಡತಿಯನ್ನೂ ಕೂರಿಸಿಕೊಂಡು ಹೊರಟೆ.

ಸಾಲಿನಲ್ಲಿ ಗಾಡಿ ಬಂದ್ ಮಾಡಿ ಕಾಗದ ತೋರಿಸಿ ಬಂದೆ. ನಮ್ಮ ಸರದಿ ಬಂತು. ಬಿಳಿ ಅಂಗಿಯ ಇನ್‌ಸ್ಪೆಕ್ಟರ್ ಸೈಲೆನ್ಸರಿಗೆ ಹೊಗೆ ಅಳೆಯುವ ನಳಿಗೆ ತೂರಿಸಿ, "ರೇಸ್ ಕೊಡು," ಅಂದರು. ನಾನು ಧೈರ್ಯವಾಗಿ ಪೂರ್ತಿ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಇನ್‌ಸ್ಪೆಕ್ಟರ್ ಇಲ್ಲ! ಕೆಳಗಿಳಿದು ನಿಂತಿದ್ದ ಹೆಂಡತಿ ಹೇಳುವ ಪ್ರಕಾರ, ಹೊಗೆಯ ಒಳಗೆ ಹೋದದ್ದು ಬಿಳಿ ಅಂಗಿ, ಹೊರಗೆ ಬಂದದ್ದು ಅಯ್ಯಪ್ಪ ಮಾಲೆ ಹಾಕಿದವರ ಅಂಗಿ.

ಅವರು ಕೆಮ್ಮುತ್ತ ಬಂದು ಬಾಗಿಲು ತೆಗೆದು ಬಗ್ಗಿ ನೋಡಿದರು. ನಾನೂ ನೋಡಿದೆ. ಸ್ವಿಚ್ಚಿಗೆ ದೊಡ್ಡದೊಂದು ನಿಂಬೆಕಾಯಿ, ಮೆಣಸಿನಕಾಯಿ ಸಮೇತ ತೂಗುತ್ತಿದೆ! ಆ ಭಾರಕ್ಕೆ ಸ್ವಿಚ್ ಕೆಳಗೆ ಜಗ್ಗಿದೆ.

"ನೀವು ಕಾಗದ ತೋರ್ಸಾಕ ಹೋದಾಗ ನಾನಽ ಕಟ್ಟೀನ್ರಿ," ಅಂದಳು ಹೆಂಡತಿ. "ಹೊರಗ ಕಟ್ಟಿದ್ರ ನಂಬರ್ ಪ್ಲೇಟ್ ಮುಚ್ಚತೈತಿ ಅಂತ ಬೈತಾರ. ಒಳಗ ಚಂದಾಗಿ ಕೊಕ್ಕಿ ಇತ್ತಲ್ಲ!"

ಇನ್‌ಸ್ಪೆಕ್ಟರ್ ನಿಂಬೆಕಾಯಿ ಬಿಚ್ಚಿ ಕೈಯಲ್ಲಿ ಹಿಡಿದು, ಬೆರಳಿನಿಂದ ಸ್ವಿಚ್ ಮೇಲೆತ್ತಿ, ಗಾಡಿ ಬಂದ್ ಮಾಡಿಸಿ ಮತ್ತೆ ಚಾಲು ಮಾಡಿಸಿದರು. ರೇಸ್ ಕೊಟ್ಟರೆ ಹೊಗೆಯ ಸುಳಿವಿಲ್ಲ. "ಏನಿದು? ನಿಜ ಹೇಳು," ಅಂದರು. ದೃಷ್ಟಿಗೆ ಕಟ್ಟಿದ ನಿಂಬೆಕಾಯಿ ಮುಂದಿರುವಾಗ ಸುಳ್ಳು ಹೇಗೆ ಹೇಳಲಿ? ಎಲ್ಲ ಒಪ್ಪಿಕೊಂಡೆ.

"ಫೇಲ್! ಸ್ವಿಚ್ ಕಿತ್ತು, ಹಳೇ ಲೆಕ್ಕ ಹಾಕಿಸಿ ಬಾ," ಅಂದರು. ಹಾಗೇ ಮಾಡಿಸಿ ಹೋದಾಗ ಪಾಸಾದೆ. ಕೆಲಸ ಉಳಿಯಿತು.

ಆದರೆ ಅವತ್ತು ದೂರ ನಿಂತಿದ್ದ ಡ್ರೈವರುಗಳಿಗೆ ನಮ್ಮ ಮಾತು ಕೇಳಿಸಿರಲಿಲ್ಲ. ಅವರು ಕಂಡದ್ದು ಇಷ್ಟೇ: ನಿಂಬೆಕಾಯಿ ಇದ್ದಾಗ ಹೊಗೆ, ಬಿಚ್ಚಿದಾಗ ಹೊಗೆ ಇಲ್ಲ. ನಾವು ಗಾಡಿ ತಿರುಗಿಸಿ ಬರುವಾಗ ಸಾಲಿಗೆ ಸಾಲೇ ಬಗ್ಗಿ ಬಂಪರಿನಿಂದ ನಿಂಬೆಕಾಯಿ ಬಿಚ್ಚುತ್ತಿತ್ತು. ಒಬ್ಬ ಓಡಿಬಂದು ಕಿಟಕಿ ತಟ್ಟಿ, "ಅಮ್ಮಾ, ಮೆಣಸಿನಕಾಯಿ ಇರಲಾ, ಅದನ್ನೂ ತೆಗೀಲಾ?" ಎಂದು ಹೆಂಡತಿಯನ್ನೇ ಕೇಳಿದ.

ನೀವು ಯಾರಾದರೂ ಆ ಕಡೆ ಹೋದರೆ, ಸಾಲಿನಲ್ಲಿ ನಿಂತವರಿಗೆ ಈ ಕತೆಯನ್ನು ಪೂರ್ತಿ ಹೇಳಿಬನ್ನಿ. ನಿಂಬೆಕಾಯಿಯದು ಏನೂ ತಪ್ಪಿಲ್ಲ.